ಬೆಂಗಳೂರು ಆರು ಗಂಟೆ ದೂರ: ಚಿಕ್ಕಮಗಳೂರಲ್ಲಿ ಕೂತು ಹೊಸ ಬ್ಯಾಂಡ್ ಹುಡುಕೋದು ಹೇಗೆ

ನಮ್ಮೂರಲ್ಲಿ ಯಾರಾದರೂ "ಎಂಥ ಹಾಡು ಕೇಳ್ತೀಯ ಮಾರಾಯ ನೀನು" ಅಂತ ಕೇಳಿದಾಗ ನಾನು "ಎಲೆಕ್ಟ್ರಾನಿಕ್" ಅಂದರೆ ಮುಗೀತು. "ಓ, ಗಣಪತಿ ಬಿಡುವಾಗ ಹಾಕ್ತಾರಲ್ಲ, ಆ ಡಿಜೆನಾ?" ಅಂತಾರೆ. ಮೊದಲೆಲ್ಲ ಅಲ್ಲ ಅಲ್ಲ ಅಂತ ವಿವರಿಸಲು ಹೋಗುತ್ತಿದ್ದೆ. ಈಗ ಹೌದು ಅಂದುಬಿಡುತ್ತೇನೆ. ಸುಳ್ಳೇನೂ ಅಲ್ಲವಲ್ಲ. ಟ್ರ್ಯಾಕ್ಟರ್ ಮೇಲೆ ಪೇರಿಸಿದ ಆ ಸ್ಪೀಕರ್ ಗೋಡೆಯ ಮುಂದೆ ನಿಂತಾಗಲೇ ಬೇಸ್ ಅಂದರೆ ಏನು ಅಂತ ನನ್ನ ಎದೆಗೂಡಿಗೆ ಮೊದಲ ಸಲ ಗೊತ್ತಾಗಿದ್ದು.

ನಾನು ಕೆಲಸ ಮಾಡುವುದು ಕಾಫಿ ಬೀಜದ ಸಿಪ್ಪೆ ತೆಗೆದು ಆರಿಸುವ ಕಾರ್ಖಾನೆಯಲ್ಲಿ, ಅಂದರೆ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಆಫೀಸಿನಲ್ಲಿ. ದಿನವಿಡೀ ಮೂಟೆ ಲೆಕ್ಕ, ಔಟ್‌ಟರ್ನ್ ಲೆಕ್ಕ. ಕಣ್ಣಿಗೂ ಕೈಗೂ ಕೆಲಸ, ಕಿವಿಗೆ ಮಾತ್ರ ರಜೆ. ಹಾಗಾಗಿ ಎಂಟು ಹತ್ತು ವರ್ಷದಿಂದ ಕಿವಿಯನ್ನು ಬೇರೆ ಕೆಲಸಕ್ಕೆ ಹಚ್ಚಿದ್ದೇನೆ. ದೊಡ್ಡ ಕಂಪನಿಯ ಹಂಗಿಲ್ಲದೆ, ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಸ್ವಂತ ದುಡ್ಡು ಹಾಕಿ ಹಾಡು ಮಾಡುವವರನ್ನು, ಇನ್ನೂ ಯಾರೂ ಹೆಸರು ಕೇಳದೆ ಇರುವಾಗಲೇ ಹುಡುಕಿ ಕೇಳುವುದು. ಇಲ್ಲಿ ಗಿಗ್, ಅಂದರೆ ಬ್ಯಾಂಡಿನವರು ಎದುರಿಗೇ ನುಡಿಸುವ ಕಾರ್ಯಕ್ರಮ, ಇಲ್ಲ. ರೆಕಾರ್ಡ್ ಅಂಗಡಿ ಇಲ್ಲ. ಜುಲೈನಲ್ಲಿ ಕರೆಂಟೂ ಇರುವುದಿಲ್ಲ. ಆದರೂ ಬೆಂಗಳೂರಿನ ಸ್ನೇಹಿತರಿಗೆ ಬೆಂಗಳೂರಿನ ಬ್ಯಾಂಡಿನ ಹೆಸರು ನಾನು ಹೇಳಬೇಕಾಗುತ್ತದೆ, ಅದು ನನಗೆ ಸ್ವಲ್ಪ ಹೆಮ್ಮೆಯ ವಿಷಯ ಅಂತ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ನಮ್ಮ ಮಲೆನಾಡಿನ ಹಿರಿಯರ ಒಂದು ಚಟ ಬಂದರೆ ಸಾಕು. ಹೊಸಬರು ಯಾರಾದರೂ ಜಗಲಿ ಹತ್ತಿದ ಕೂಡಲೇ ಕೇಳುತ್ತಾರಲ್ಲ, "ನೀವು ಯಾರ ಪೈಕಿ?" ಅಂತ. ಯಾವೂರು, ಯಾರ ಮನೆ, ಅವರಿಗೆ ಇವರು ಏನಾಗಬೇಕು. ಐದು ನಿಮಿಷದಲ್ಲಿ ಇಡೀ ವಂಶವೃಕ್ಷ ಹೊರಗೆ. ಹಾಡಿಗೂ ಅದನ್ನೇ ಕೇಳಬೇಕು. ಯಾರು ಹಾಡಿದ್ದು ಅನ್ನುವುದು ಎಲ್ಲರಿಗೂ ಕಾಣುತ್ತದೆ. ಬೀಟ್ ಮಾಡಿದ್ದು ಯಾರು, ಮಿಕ್ಸ್ ಮಾಡಿದ್ದು ಯಾರು, ಯಾವ ಲೇಬಲ್ಲಿನಿಂದ (ಹಾಡು ಹೊರತರುವ ಕಂಪನಿ) ಬಂತು, ಕವರ್ ಚಿತ್ರ ಬರೆದಿದ್ದು ಯಾರು, ಅವರು ಮೊದಲು ಯಾವ ಬ್ಯಾಂಡಿನಲ್ಲಿದ್ದರು, ಇದನ್ನು ಯಾರೂ ನೋಡುವುದಿಲ್ಲ. ನೀವು ನೋಡಿ.

ಒಂದು ಎಳೆ ಎಳೆದು ತೋರಿಸುತ್ತೇನೆ. ನನಗೆ ಮೊದಲು ಸಿಕ್ಕಿದ್ದು ಸಲ್ಕ್ ಸ್ಟೇಷನ್. ಬೆಂಗಳೂರಿನ ಇಬ್ಬರು, ತನ್ವಿ ರಾವ್ ಮತ್ತು ರಾಹುಲ್ ಗಿರಿ. 2012ರಲ್ಲಿ 'ಟಿಲ್ ಯು ಅಪಿಯರ್' ಅಂತ ಒಂದು ಆಲ್ಬಂ ತಂದರು. ನಿಧಾನದ ಬೀಟು, ಅದರ ಮೇಲೆ ಹಿಂದೂಸ್ತಾನಿ ಛಾಯೆಯ ದನಿ, ಮಂಜು ಬಿದ್ದ ಬೆಳಗ್ಗೆ ಕೇಳಲು ಹೇಳಿ ಮಾಡಿಸಿದ ಹಾಗಿದೆ. ಚೆನ್ನಾಗಿದೆ ಅಂತ ಸುಮ್ನೆ ಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ರಾಹುಲ್ ಗಿರಿ ಯಾರ ಪೈಕಿ ಅಂತ ನೋಡಿದೆ. ಆತ ಒಬ್ಬನೇ ಮಾಡುವಾಗ ಆರ್‌ಎಚ್‌ಎಲ್ ಅನ್ನುವ ಹೆಸರಿನಲ್ಲಿ ಮಾಡುತ್ತಾನೆ. ಜೊತೆಗೆ ಕನ್ಸಾಲಿಡೇಟ್ ಅಂತ ಒಂದು ಬಳಗ ಕಟ್ಟಿದ್ದಾನೆ. ಆ ಬಳಗದ ಪುಟ ತೆರೆದರೆ ಅಲ್ಲಿ ಡಿಸ್ಕೊ ಪಪೆಟ್ ಅನ್ನುವ ಇನ್ನೊಬ್ಬ ಕಲಾವಿದ. ಡಿಸ್ಕೊ ಪಪೆಟ್‌ನದ್ದು ಕೇಳಿ ಒಂದು ವಾರ ತಲೆ ಕೆಟ್ಟಿತ್ತು. ಹಾಡು ಅನ್ನಬೇಕೋ ಡಬ್ಬ ಬಡಿದಿದ್ದು ಅನ್ನಬೇಕೋ ತಿಳಿಯಲಿಲ್ಲ, ಆದರೆ ಬಿಡಲೂ ಆಗಲಿಲ್ಲ. ಒಂದೇ ಹೆಸರಿನಿಂದ ಹೊರಟು ಅರ್ಧ ಗಂಟೆಯಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಂಗೀತದ ಒಂದು ಬೀದಿಯೇ ಸಿಕ್ಕಿತು.

ಹಾಗೇ ಅಂಟಿಲ್ ವಿ ಲಾಸ್ಟ್ ಅಂತ ಇನ್ನೊಂದು ಬೆಂಗಳೂರು ಬ್ಯಾಂಡ್ ಇತ್ತು. ಗಿಟಾರ್ ಮೇಲೆ ನಿಂತ ಪೋಸ್ಟ್ ರಾಕ್. ಅದರಲ್ಲಿದ್ದ ಕೇತನ್ ಬಹಿರಟ್ ಓಷನ್‌ಟೈಡ್ ಅನ್ನುವ ಹೆಸರಿನಲ್ಲಿ ಬೇರೆಯೇ ಲೋಕಕ್ಕೆ ಹೋದ, ಜಂಗಲ್, ಫುಟ್‌ವರ್ಕ್ ಅಂತ ಓಟದ ಬೀಟುಗಳು. ಗಿಟಾರ್ ಇಷ್ಟಪಡುವವರು ಎಲೆಕ್ಟ್ರಾನಿಕ್ ಕಡೆ ದಾಟಲು ಇಂಥ ಮನುಷ್ಯರೇ ಕಾಲುಸಂಕ. ಪ್ರಕಾರದ ಹೆಸರು ಹಿಡಿದು ಹೋದರೆ ಈ ದಾರಿ ಎಂದೂ ಕಾಣುವುದಿಲ್ಲ.

ಇಷ್ಟೆಲ್ಲ ಎಲ್ಲಿ ನೋಡಬೇಕು? ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿದರೆ ಕ್ರೆಡಿಟ್ಸ್ ಅಂತ, ಯಾರು ಏನು ಮಾಡಿದರು ಅನ್ನುವ ಪಟ್ಟಿ ಬರುತ್ತದೆ. ಡಿಸ್ಕಾಗ್ಸ್ ಅಂತ ಒಂದು ಸೈಟಿದೆ, 2000ನೇ ಇಸವಿಯಿಂದ ಜನರೇ ಸೇರಿ ತುಂಬುತ್ತಿರುವ ಕಣಜ, ಅದರಲ್ಲಿ ಲೇಬಲ್ಲಿನ ಹೆಸರು ಒತ್ತಿದರೆ ಆ ಲೇಬಲ್ ತಂದಿದ್ದೆಲ್ಲ ಸಾಲಾಗಿ ಬರುತ್ತದೆ. ಆದರೆ ನಾನು ದಿನಾ ಹೋಗುವ ಜಾಗ ಬ್ಯಾಂಡ್‌ಕ್ಯಾಂಪ್, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ಬ್ಯಾಂಡ್‌ಕ್ಯಾಂಪ್ ಶುರುವಾಗಿದ್ದು 2008ರಲ್ಲಿ. ಹಾಡುವವರು ತಾವೇ ಹಾಡು ಹಾಕಿ, ತಾವೇ ಬೆಲೆ ಇಟ್ಟು ಮಾರುವ ಸಂತೆ ಅದು. ಸಂತೆ ಅಂದ ಮೇಲೆ ಹರಾಜು ಕೂಗುವವರು ಇರುವುದಿಲ್ಲ, ನೀವೇ ತಿರುಗಬೇಕು. ಪ್ರತಿ ಆಲ್ಬಮ್ಮಿನ ಕೆಳಗೆ ಟ್ಯಾಗ್‌ಗಳಿರುತ್ತವೆ: ಆಂಬಿಯೆಂಟ್, ಟೆಕ್ನೋ, ಇಂಡೀ ಫೋಕ್ ಅಂತ. ಕೊನೆಯಲ್ಲಿ ಸಾಮಾನ್ಯವಾಗಿ ಊರಿನ ಹೆಸರೂ ಇರುತ್ತದೆ. ಎಲ್ಲರೂ ಪ್ರಕಾರದ ಟ್ಯಾಗ್ ಒತ್ತುತ್ತಾರೆ. ನೀವು ಊರಿನ ಟ್ಯಾಗ್ ಒತ್ತಿ. ಬೆಂಗಳೂರು ಒತ್ತಿ, 'ಹೊಸದು ಮೊದಲು' ಅನ್ನುವ ಕ್ರಮ ಹಾಕಿ. ಇಂಗ್ಲಿಷಿನಲ್ಲಿ ಬೆಂಗಳೂರಿನ ಸ್ಪೆಲ್ಲಿಂಗ್ ಎರಡು ಥರ ಇರುವುದರಿಂದ ಎರಡನ್ನೂ ನೋಡಿ. ಮೆಟಲ್, ಆಂಬಿಯೆಂಟ್, ಯಾರೋ ಮಾಡಿದ ಮಳೆ ಸದ್ದು, ಎಲ್ಲ ಕಲಸುಮೇಲೋಗರ. ಹತ್ತರಲ್ಲಿ ಎಂಟು ನಿಮಗೆ ಹಿಡಿಸುವುದಿಲ್ಲ. ಕ್ಯೂರಿಂಗ್‌ನಲ್ಲಿ ಬೀಜ ಆರಿಸುವ ಹೆಂಗಸರು ಕಪ್ಪು ಬೀಜ, ಚೂರು ಬೀಜ ಕಂಡಿತು ಅಂತ ಬೇಸರ ಮಾಡಿಕೊಳ್ಳುತ್ತಾರಾ? ಬೆರಳು ಸರಿಸಿ ಮುಂದೆ ಹೋಗುತ್ತಾರೆ. ಹಾಗೆ ಮಾಡಿ, ಪ್ರತಿ ಆಲ್ಬಮ್ಮಿಗೆ ಒಂದು ನಿಮಿಷ ಕೊಡಿ. ಆದರೆ ಮೊದಲ ಹಾಡಿನ ಮೊದಲ ನಿಮಿಷ ಬೇಡ, ಎಲ್ಲರೂ ಅಲ್ಲಿ ಸಿಂಗಾರ ಮಾಡಿ ಇಟ್ಟಿರುತ್ತಾರೆ. ನಡುವಿನ ಹಾಡಿನ ನಡುವಿಗೆ ಹೋಗಿ ಕೇಳಿ.

ಇನ್ನೊಂದು ಕಿಟಕಿ ಇದೆ, ನನಗೆ ಇದೇ ಜಾಸ್ತಿ ಉಪಯೋಗಕ್ಕೆ ಬಂದಿದ್ದು. ಆಲ್ಬಮ್ಮಿನ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರಗಳು ಸಾಲಾಗಿ ಕಾಣುತ್ತವೆ. ಒಂದು ಚಿತ್ರ ಒತ್ತಿದರೆ ಆ ವ್ಯಕ್ತಿ ದುಡ್ಡು ಕೊಟ್ಟು ಕೊಂಡ ಆಲ್ಬಮ್‌ಗಳೆಲ್ಲ ಕಾಣುತ್ತವೆ. ನನಗೆ ಇಷ್ಟವಾದ, ಇಪ್ಪತ್ತೇ ಜನ ಕೊಂಡಿರುವ ಆಲ್ಬಮ್ಮನ್ನು ಇನ್ನೊಬ್ಬ ಕೊಂಡಿದ್ದಾನೆ ಅಂದರೆ ಅವನ ಕಪಾಟಿನಲ್ಲಿ ನನಗೆ ಬೇಕಾದ್ದು ಇನ್ನೂ ನಾಲ್ಕಾದರೂ ಇರುತ್ತದೆ. ಸಾವಿರಾರು ಜನ ಕೊಂಡಿದ್ದರೆ ಈ ಲೆಕ್ಕ ನಡೆಯುವುದಿಲ್ಲ, ಜನ ಕಮ್ಮಿ ಇದ್ದಷ್ಟೂ ಒಳ್ಳೆಯದು. ಅಂಥವರನ್ನು ಫಾಲೋ ಮಾಡಿ. ಅವರು ಏನಾದರೂ ಕೊಂಡಾಗ ನಿಮ್ಮ ಫೀಡಿಗೆ ಬರುತ್ತದೆ. ನಾನು ಫಾಲೋ ಮಾಡುವ ಹದಿನೈದು ಜನರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿಲ್ಲ. ಆದರೆ ಅವರ ರುಚಿ ಗೊತ್ತು. ಒಬ್ಬಾಕೆ ಚಳಿಗಾಲ ಬಂದ ಕೂಡಲೇ ಬರೀ ಪಿಯಾನೊ ಕೊಳ್ಳುತ್ತಾಳೆ.

ಕೊಳ್ಳುವ ವಿಷಯ. ಕೇಳುವುದು ಸಾಮಾನ್ಯವಾಗಿ ಉಚಿತ. ಕೆಲವರು 'ನಿಮ್ಮಿಷ್ಟದ ಬೆಲೆ' ಅಂತ ಇಟ್ಟಿರುತ್ತಾರೆ, ಸೊನ್ನೆ ಹಾಕಿದರೂ ಡೌನ್‌ಲೋಡ್ ಆಗುತ್ತದೆ. ದುಡ್ಡು ಕೊಟ್ಟರೆ ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ತೆಗೆದುಕೊಳ್ಳುವ ಪಾಲು ಸಾಮಾನ್ಯವಾಗಿ ನೂರಕ್ಕೆ 15, ಪಾವತಿ ಖರ್ಚು ಬೇರೆ. ಉಳಿದಿದ್ದು ಹಾಡಿದವರಿಗೆ. 2020ರ ಮಾರ್ಚ್ 20ರಂದು, ಕೋವಿಡ್‌ನಿಂದ ಗಿಗ್‌ಗಳೆಲ್ಲ ನಿಂತಾಗ, ಒಂದು ದಿನ ಆ 15ನ್ನೂ ಬಿಟ್ಟುಕೊಟ್ಟರು. ಆಮೇಲೆ ಅದು ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅಂತ ಆಗಾಗ ನಡೆಯುತ್ತಿದೆ. ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ ಲೆಕ್ಕ ಆದ್ದರಿಂದ ನಮಗೆ ಅದು ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೋ ಒಂದೂವರೆಗೋ ಶುರುವಾಗಿ ಶನಿವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಶುಕ್ರವಾರ ಬೆಳಗ್ಗೆಯೇ ಎದ್ದು ಕೊಂಡು ಮಂಗ ಆಗಬೇಡಿ, ನಾನು ಆಗಿದ್ದೇನೆ. ಇನ್ನೊಂದು ತಾಪತ್ರಯ ಕಾರ್ಡಿನದ್ದು. ನನ್ನ ಡೆಬಿಟ್ ಕಾರ್ಡಿನಲ್ಲಿ ವಿದೇಶಿ ಪಾವತಿ ಬಂದ್ ಆಗಿತ್ತು. ಅದನ್ನು ತೆರೆಸಲು ಬ್ಯಾಂಕಿಗೆ ಹೋದರೆ ಅಲ್ಲಿನವರು "ಯಾವ ದೇಶಕ್ಕೆ ಹೋಗ್ತಿದ್ದೀರಿ ಸರ್" ಅಂದರು. ಐದು ಡಾಲರಿನ ಒಂದು ಆಲ್ಬಮ್ಮಿನ ಡೌನ್‌ಲೋಡ್ ಸಲುವಾಗಿ ಅಂತ ಹೇಳಲು ಬಾಯಿ ಬರಲಿಲ್ಲ. ಈಗ ಬ್ಯಾಂಕಿನ ಆ್ಯಪ್‌ನಲ್ಲೇ ಆ ಗುಂಡಿ ಇರುತ್ತದೆ. ಆನ್ ಮಾಡಿ, ಮಿತಿ ಕಮ್ಮಿ ಇಟ್ಟು, ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಸೌಂಡ್‌ಕ್ಲೌಡ್ ಅನ್ನುವ ಸೈಟಿನ ಬಗ್ಗೆ ಚಿಕ್ಕದಾಗಿ. ಎಲೆಕ್ಟ್ರಾನಿಕ್ ಮಾಡುವವರು ಇನ್ನೂ ಆಲ್ಬಂ ತರುವ ಮೊದಲೇ ಅರ್ಧಂಬರ್ಧ ಹಾಡುಗಳನ್ನು ಅಲ್ಲಿ ಹಾಕಿರುತ್ತಾರೆ. ಅವರ ಹಾಡಿಗಿಂತ ಅವರು ಲೈಕ್ ಮಾಡಿದ ಪಟ್ಟಿ ನೋಡಿ. ಅಷ್ಟೇ.

ಇನ್ನು ಆಲ್ಗಾರಿದಂ, ಅಂದರೆ ನಾವು ಕೇಳಿದ್ದನ್ನು ನೋಡಿ ಮುಂದಿನ ಹಾಡು ಸೂಚಿಸುವ ಕಂಪ್ಯೂಟರ್ ಲೆಕ್ಕ. ಅದು ಕೆಟ್ಟದ್ದು ಅಂತ ಬೈಯುವುದು ಈಗ ಫ್ಯಾಷನ್, ನಾನು ಬೈಯುವುದಿಲ್ಲ. ಅದು ಎಸ್ಟೇಟಿನಲ್ಲಿ ಲೆಕ್ಕ ಬರೆಯಲು ಹೊಸದಾಗಿ ಬಂದ ರೈಟರ್ ಇದ್ದ ಹಾಗೆ, ಹೇಳಿಕೊಟ್ಟಷ್ಟೇ ಮಾಡುತ್ತದೆ. ಸ್ಪಾಟಿಫೈ ಸೋಮವಾರಕ್ಕೊಮ್ಮೆ ಡಿಸ್ಕವರ್ ವೀಕ್ಲಿ ಅಂತ ಮೂವತ್ತು ಹಾಡಿನ ಪಟ್ಟಿ ಕೊಡುತ್ತದೆ, ಶುಕ್ರವಾರ ನೀವು ಫಾಲೋ ಮಾಡಿದವರ ಹೊಸ ಹಾಡುಗಳ ಪಟ್ಟಿ. ಮುಂದಿನ ಸೋಮವಾರ ಹಳೇ ಪಟ್ಟಿ ಅಳಿಸಿಹೋಗುತ್ತದೆ, ಇಷ್ಟವಾಗಿದ್ದನ್ನು ಆವತ್ತೇ ಸೇವ್ ಮಾಡಬೇಕು. ನನ್ನ ಪಟ್ಟಿ ಎರಡು ವರ್ಷ ಹಾಳಾಗಿ ಹೋಗಿತ್ತು. ಕಾರಣ ನಮ್ಮ ಅಮ್ಮ. ಬೆಳಗ್ಗೆ ಐದೂವರೆಗೆ ನನ್ನ ಫೋನಿನಲ್ಲೇ ಸುಪ್ರಭಾತ, ಆಮೇಲೆ ದಾಸರ ಪದ. ಪಾಪ ಆಲ್ಗಾರಿದಂ ಏನು ಮಾಡಬೇಕು? ಟೆಕ್ನೋ ಜೊತೆ ಪುರಂದರದಾಸರನ್ನು ಕಲಸಿ ಕೊಟ್ಟಿತು. ಒಂದೆರಡು ಸಲ ಅದೂ ಚೆನ್ನಾಗಿಯೇ ಇತ್ತು, ಬಿಡಿ. ಈಗ ಅಮ್ಮನಿಗೆ ಬೇರೆ ಅಕೌಂಟ್ ಮಾಡಿ ಕೊಟ್ಟಿದ್ದೇನೆ. ಮನೆಯಲ್ಲಿ ಒಂದೇ ಫೋನಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಸೆಷನ್ ಅಂತ ಇದೆ, ಅದನ್ನು ಹಾಕಿದರೆ ಆ ಹೊತ್ತು ಕೇಳಿದ್ದು ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದಿಲ್ಲ.

ಕಲಾವಿದರ ಪುಟದಲ್ಲಿ ಕೆಳಗೆ ಹೋದರೆ 'ಇವರನ್ನು ಕೇಳುವವರು ಇವರನ್ನೂ ಕೇಳುತ್ತಾರೆ' ಅಂತ ಒಂದು ಸಾಲು ಬರುತ್ತದೆ. ಅಲ್ಲಿ ಒಂದು ಆಟ ಆಡಿ. ತಿಂಗಳ ಕೇಳುಗರ ಸಂಖ್ಯೆ ಕಮ್ಮಿ ಇರುವವರನ್ನೇ ಆರಿಸುತ್ತಾ ಇಳಿಯುತ್ತಾ ಹೋಗಿ. ಲಕ್ಷದಿಂದ ಹತ್ತು ಸಾವಿರ, ಅಲ್ಲಿಂದ ಸಾವಿರ, ಅಲ್ಲಿಂದ ಇನ್ನೂರು. ನಾಲ್ಕೈದು ಮೆಟ್ಟಿಲು ಇಳಿದರೆ ತಳ ಸಿಗುತ್ತದೆ, ಹೊಸಬರೆಲ್ಲ ಇರುವುದು ಅಲ್ಲೇ. ಒಂದು ವಿಷಯ ನೆನಪಿರಲಿ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದಿದ್ದರೆ ಅದರ ರೆಕಾರ್ಡಿಂಗ್ ರಾಯಲ್ಟಿಯೇ ಬರುವುದಿಲ್ಲ. ತಳದಲ್ಲಿರುವವರಿಗೆ ಅಲ್ಲಿಂದ ಚಹಾ ಕಾಸೂ ಹುಟ್ಟುವುದಿಲ್ಲ ಅಂದ ಹಾಗಾಯಿತು. ಹಾಗಾಗಿ ಅಲ್ಲಿ ಹುಡುಕುತ್ತೇನೆ, ಇಷ್ಟವಾದರೆ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೊಳ್ಳುತ್ತೇನೆ.

ತಳಕ್ಕೆ ಇಳಿದಾಗ ಒಂದು ಹೊಸ ಕಾಟವೂ ಇದೆ: ಮನುಷ್ಯರೇ ಇಲ್ಲದ ಬ್ಯಾಂಡ್‌ಗಳು. 2025ರಲ್ಲಿ ದಿ ವೆಲ್ವೆಟ್ ಸನ್‌ಡೌನ್ ಅಂತ ಒಂದು 'ಬ್ಯಾಂಡ್' ಸ್ಪಾಟಿಫೈನಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಕೇಳುಗರನ್ನು ಗಳಿಸಿ, ಆಮೇಲೆ ಅದೆಲ್ಲ ಎಐ ಸಹಾಯದಿಂದ ಮಾಡಿದ್ದು ಅಂತ ಹೊರಗೆ ಬಂತು. ಇಲ್ಲೂ ಹಳೇ ಪ್ರಶ್ನೆಯೇ ಕೆಲಸಕ್ಕೆ ಬರುತ್ತದೆ, ಯಾರ ಪೈಕಿ? ಎಲ್ಲಾದರೂ ಗಿಗ್ ಕೊಟ್ಟಿದ್ದಾರಾ, ಯಾರಾದರೂ ಫೋನಿನಲ್ಲಿ ಅಲುಗಾಡುವ ವಿಡಿಯೊ ತೆಗೆದಿದ್ದಾರಾ, ಡ್ರಮ್ಮರ್ ಇನ್ನೊಂದು ಬ್ಯಾಂಡಿನಲ್ಲಿ ಇದ್ದನಾ? ಒಂದು ತಿಂಗಳಲ್ಲಿ ಎರಡು ಆಲ್ಬಂ ಬಂದಿದ್ದು, ಎಲ್ಲೂ ಒಬ್ಬ ಮನುಷ್ಯನ ಹೆಸರಿಲ್ಲ ಅಂದರೆ ನಾನು ಮುಂದೆ ಹೋಗುತ್ತೇನೆ.

ನನಗೆ ಎಲ್ಲಕ್ಕಿಂತ ಪ್ರೀತಿ ರೇಡಿಯೊ. ಅಜ್ಜನ ಮನೆಯಲ್ಲಿ ಹಾಸನ ಆಕಾಶವಾಣಿ ಬೆಳಗ್ಗೆಯಿಂದ ರಾತ್ರಿವರೆಗೆ ಹಾಡುತ್ತಿತ್ತು. ಮುಂದಿನ ಹಾಡು ಯಾವುದು ಅಂತ ಅಜ್ಜನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಯಾರೋ ಒಬ್ಬರು ಕೂತು ಆರಿಸಿ ಹಾಕುತ್ತಿದ್ದರು, ನಾವು ಕೇಳುತ್ತಿದ್ದೆವು. ಆ ಸುಖ ಈಗಲೂ ಇದೆ, ಇಂಟರ್ನೆಟ್ಟಿಗೆ ಬಂದಿದೆ ಅಷ್ಟೇ. ಲಂಡನ್ನಿನ ಎನ್‌ಟಿಎಸ್ 2011ರಲ್ಲಿ ಶುರುವಾಗಿದ್ದು, ಎರಡು ಚಾನೆಲ್, ಹಗಲೂ ರಾತ್ರಿ. ಅಲ್ಲಿನ ಸಂಜೆಯ ಕಾರ್ಯಕ್ರಮ ನಮಗೆ ನಡುರಾತ್ರಿ ಆಗುತ್ತದೆ, ಆದರೆ ಎಲ್ಲ ಹಳೇ ಕಾರ್ಯಕ್ರಮಗಳನ್ನೂ ಇಟ್ಟಿರುತ್ತಾರೆ, ಹೆಚ್ಚಿನದಕ್ಕೆ ಹಾಡಿನ ಪಟ್ಟಿ ಸಮೇತ. ದೆಹಲಿಯಲ್ಲಿ ಬಾಕ್ಸ್‌ಔಟ್ ಎಫ್‌ಎಂ ಅಂತ 2017ರಲ್ಲಿ ಶುರುವಾಯಿತು, ನಮ್ಮ ದೇಶದ ಹೊಸ ಎಲೆಕ್ಟ್ರಾನಿಕ್ ಹುಡುಗರು ಹಾಡಿಗೆ ಹಾಡು ಜೋಡಿಸಿ ಮಾಡುವ ಮಿಕ್ಸ್‌ಗಳಿಗೆ ಅದು ಒಳ್ಳೇ ಉಗ್ರಾಣ. ಗಿಟಾರ್ ಬ್ಯಾಂಡ್ ಬೇಕು ಅನ್ನುವವರಿಗೆ ಸಿಯಾಟಲ್‌ನ ಕೆಇಎಕ್ಸ್‌ಪಿ, ಯೂಟ್ಯೂಬಿನಲ್ಲಿ ಅವರ ಸ್ಟುಡಿಯೊದ ವಿಡಿಯೊಗಳೇ ರಾಶಿ ಬಿದ್ದಿವೆ. ಒಂದು ಕಾರ್ಯಕ್ರಮ ಆರಿಸಿಕೊಂಡು ಒಬ್ಬರನ್ನೇ ಒಂದು ತಿಂಗಳು ಕೇಳಿ. ಅವರ ರುಚಿ ನಿಮಗೆ ಅರ್ಥವಾದ ಮೇಲೆ ಅವರು ಹಾಕಿದ ಹೊಸ ಹೆಸರಿಗೆ ಬೆಲೆ ಬರುತ್ತದೆ.

ಮಿಕ್ಸ್ ಕೇಳುವಾಗ ಹಾಡಿನ ಹೆಸರು ಗೊತ್ತಾಗದಿದ್ದರೆ ಶಜಾಮ್ ಅನ್ನುವ ಆ್ಯಪ್ ಇದೆ, ಸದ್ದು ಕೇಳಿ ಹೆಸರು ಹೇಳುತ್ತದೆ. ಇದರಲ್ಲಿ ನಮ್ಮ ಕಡೆಯವರಿಗೆ ಒಂದು ಉಪಕಾರ ಇದೆ. ನೆಟ್‌ವರ್ಕ್ ಇಲ್ಲದಿದ್ದರೂ ಗುಂಡಿ ಒತ್ತಿದರೆ ಅದು ಸದ್ದನ್ನು ಹಿಡಿದು ಇಟ್ಟುಕೊಳ್ಳುತ್ತದೆ, ಮತ್ತೆ ನೆಟ್‌ವರ್ಕ್ ಸಿಕ್ಕಾಗ ಹೆಸರು ಹೇಳುತ್ತದೆ. ಆಲ್ದೂರು ದಾಟಿ ತೋಟದ ದಾರಿಗೆ ಇಳಿದ ಮೇಲೆ ಫೋನ್ ಅನ್ನುವುದು ಬರೀ ಟಾರ್ಚು. ಅಂಥ ಕಡೆ ಹಿಡಿದಿಟ್ಟ ಹಾಡಿನ ಹೆಸರು ಸಂಜೆ ಪೇಟೆಗೆ ಬಂದು ಐಜಿ ರೋಡಿನಲ್ಲಿ ನಿಂತಾಗ ಟಣ್ ಅಂತ ಬರುತ್ತದೆ.

ನೆಟ್‌ವರ್ಕ್ ಮಾತು ಬಂತಲ್ಲ, ಲೆಕ್ಕ ಹೇಳಿಬಿಡುತ್ತೇನೆ. ಸದ್ದಿನ ಗುಣಮಟ್ಟವನ್ನು ಕೆಬಿಪಿಎಸ್‌ನಲ್ಲಿ ಅಳೆಯುತ್ತಾರೆ. 160 ಕೆಬಿಪಿಎಸ್‌ನಲ್ಲಿ ಒಂದು ಗಂಟೆ ಕೇಳಿದರೆ ಸುಮಾರು 72 ಎಂಬಿ, 320ರಲ್ಲಿ 144 ಎಂಬಿ. ಯೂಟ್ಯೂಬಿನಲ್ಲಿ ಚಿತ್ರವೂ ಓಡುವುದರಿಂದ ಇನ್ನೂ ಎಷ್ಟೋ ಪಾಲು ಜಾಸ್ತಿ. ರಾತ್ರಿ ನೆಟ್ ಸ್ವಲ್ಪ ಉಸಿರಾಡುವಾಗ ನಾಳೆಗೆ ಬೇಕಾದ್ದನ್ನು ಇಳಿಸಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಹೊಸದು ಹುಡುಕುವುದೇ ಕಮ್ಮಿ. ಬೇಸಿಗೆಯಲ್ಲಿ ಇಳಿಸಿಟ್ಟಿದ್ದನ್ನು ಮಳೆಗಾಲದಲ್ಲಿ ಕೇಳುತ್ತೇನೆ, ಹಪ್ಪಳ ಸಂಡಿಗೆ ಲೆಕ್ಕದಲ್ಲಿ.

ದಯವಿಟ್ಟು ಎಲೆಕ್ಟ್ರಾನಿಕ್ ಸಂಗೀತವನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ. ಅಷ್ಟು ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ಸದ್ದು ಬರುವುದೇ ಇಲ್ಲ, ಹಾಡಿನ ಅರ್ಧ ಇರುವುದೇ ಅಲ್ಲಿ. ಒಂದು ಸಲ ಸ್ನೇಹಿತನ ಪಿಕಪ್‌ನಲ್ಲಿ ಮೂಡಿಗೆರೆ ಕಡೆಯಿಂದ ಮೆಣಸಿನ ಮೂಟೆ ತರುತ್ತಿದ್ದೆವು. ನಾನು ಫೋನಿನಲ್ಲಿ ಏನೋ ಹಾಕಿದೆ. "ಎಂತ ಮಾರಾಯ ಇದು, ಟೇಪು ಸಿಕ್ಕಿಹಾಕಿಕೊಂಡ ಹಾಗೆ ಇದೆಯಲ್ಲ" ಅಂದ. ನನಗೂ ಹಾಗೇ ಅನಿಸಿತು. ಆಮೇಲೆ ಅವನ ಸೆಟ್ಟಿಗೆ ಬ್ಲೂಟೂತ್ ಹಾಕಿದೆವು. ಸೀಟಿನ ಹಿಂದೆ ಅವನೇ ಕೂರಿಸಿದ ದೊಡ್ಡ ಬೇಸ್ ಡಬ್ಬ ಇದೆ. ಆ ಟಿಕ್ ಟಿಕ್ ಸದ್ದಿನ ಕೆಳಗೆ ಒಂದು ಗುಮ್ಮ್ ಅನ್ನುವ ರಾಗ ಇಡೀ ಹೊತ್ತು ಓಡುತ್ತಿತ್ತು, ಫೋನಿನಲ್ಲಿ ಅದು ಇಲ್ಲವೇ ಇಲ್ಲ. ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿ ನಡುಗತೊಡಗಿದ. ಸ್ನೇಹಿತ ಮಾತಾಡಲಿಲ್ಲ, ಕೈ ಹಾಕಿ ವಾಲ್ಯೂಮ್ ಏರಿಸಿದ. ಸಾವಿರ ರೂಪಾಯಿಯ ವೈರಿನ ಇಯರ್‌ಫೋನ್ ಆದರೂ ಸಾಕು, ಇದೊಂದು ಖರ್ಚು ಮಾಡಿ.

ವೇಗದ ಬಗ್ಗೆಯೂ ಒಂದು ಮಾತು, ಹುಡುಕಲು ಸಹಾಯ ಆಗುತ್ತದೆ. ನಿಮಿಷಕ್ಕೆ ಎಷ್ಟು ಬಡಿತ ಅನ್ನುವುದೇ ಬಿಪಿಎಂ. ಹೌಸ್ ಅನ್ನುವ ಪ್ರಕಾರ ಸುಮಾರು 120ರಿಂದ 130, ಫುಟ್‌ವರ್ಕ್ 160ರ ಸುತ್ತ, ಡ್ರಮ್ ಅಂಡ್ ಬೇಸ್ 170 ದಾಟುತ್ತದೆ. ಆಂಬಿಯೆಂಟಿನಲ್ಲಿ ಎಷ್ಟೋ ಸಲ ಬಡಿತವೇ ಇರುವುದಿಲ್ಲ. ನಿಮಗೆ ಯಾವ ವೇಗ ಹಿಡಿಸುತ್ತದೆ ಅಂತ ಗೊತ್ತಾದರೆ ಅರ್ಧ ಗೊಂದಲ ಕಮ್ಮಿ. ಲೆಕ್ಕ ಬರೆಯುವಾಗ ನನಗೆ 120, ತೋಟದಲ್ಲಿ ನಡೆಯುವಾಗ ಏನೂ ಇಲ್ಲದ್ದು.

ಹೊಸತು ಅಂದರೆ ಈ ವರ್ಷದ್ದೇ ಆಗಬೇಕಾ? ಚರಣ್‌ಜಿತ್ ಸಿಂಗ್ ಅಂತ ಮುಂಬೈ ಸಿನಿಮಾ ಸಂಗೀತದಲ್ಲಿ ನುಡಿಸುತ್ತಿದ್ದವರು 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ಕೂರಿಸಿ ಒಂದು ರೆಕಾರ್ಡ್ ತಂದರು. ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮತ್ತೆ ಅಚ್ಚಾದಾಗ ಕೇಳಿದವರು ಬೆಚ್ಚಿಬಿದ್ದರು. 1987ರಲ್ಲಿ ಷಿಕಾಗೊದಿಂದ ಬಂದ ಆ್ಯಸಿಡ್ ಹೌಸ್ ಅನ್ನುವ ಕುಣಿತದ ಸಂಗೀತದ ಸದ್ದು ಐದು ವರ್ಷ ಮೊದಲೇ ಇಲ್ಲಿ ಇತ್ತು! ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಂತೂ 1969ರಿಂದಲೇ ಮೂಗ್ ಕಂಪನಿಯ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಇಟ್ಟುಕೊಂಡು ಪ್ರಯೋಗ ನಡೆದಿತ್ತು, ಆ ಟೇಪುಗಳು ಆಲ್ಬಂ ಆಗಿ ಹೊರಬಂದಿದ್ದು 2023ರಲ್ಲಿ. ಹಳೇದನ್ನು ಮತ್ತೆ ಅಚ್ಚು ಹಾಕುವ ಲೇಬಲ್‌ಗಳನ್ನೂ ನಿಮ್ಮ ಪಟ್ಟಿಗೆ ಸೇರಿಸಿಕೊಳ್ಳಿ ಅಂತ ಇಷ್ಟು ಹೇಳಿದೆ.

ಕನ್ನಡದಲ್ಲಿ ಏನಿದೆ ಅಂತ ಕೇಳುತ್ತೀರಿ, ಗೊತ್ತು. ರಘು ದೀಕ್ಷಿತ್, ಸ್ವರಾತ್ಮ ಎಲ್ಲರಿಗೂ ಗೊತ್ತಿರುವ ಹೆಸರು, ಅವರು ಈಗ ಹಿರಿಯರು. ಹೊಸ ಬಾಗಿಲು ಇರುವುದು ಕನ್ನಡ ರ‍್ಯಾಪಿನಲ್ಲಿ ಅಂತ ನನ್ನ ಲೆಕ್ಕ. ಆಲ್ ಓಕೆ, ರಾಹುಲ್ ಡಿಟ್ಟೊ, ಎಂಸಿ ಬಿಜ್ಜು ಇವರ ಹಾಡು ತೆರೆದು, ಹಾಡಿದವರನ್ನು ಬಿಟ್ಟು ಬೀಟ್ ಯಾರದ್ದು ಅಂತ ನೋಡಿ. ಯೂಟ್ಯೂಬಿನ ವಿವರಣೆಯಲ್ಲಿ ಆ ಹೆಸರು ಸಣ್ಣದಾಗಿ ಇರುತ್ತದೆ. ಆ ಬೀಟ್ ಮಾಡಿದ ಹುಡುಗ ಸೌಂಡ್‌ಕ್ಲೌಡಿನಲ್ಲಿ ಹಾಡಿಲ್ಲದ, ಬರೀ ಬೀಟಿನ ಇನ್ನೊಂದು ಪುಟ ಇಟ್ಟುಕೊಂಡಿರುವ ಸಾಧ್ಯತೆ ಜಾಸ್ತಿ. ಮಂಡ್ಯ ಭಾಷೆ, ಹುಬ್ಬಳ್ಳಿ ಭಾಷೆಯ ರ‍್ಯಾಪ್ ಎಲ್ಲ ಬಂತು. ನಮ್ಮ ಮಲೆನಾಡಿನ "ಎಂತದು ಮಾರಾಯ" ಧಾಟಿಯಲ್ಲಿ ಇನ್ನೂ ಒಂದು ಗಟ್ಟಿ ಹಾಡು ನನ್ನ ಕಿವಿಗೆ ಬಿದ್ದಿಲ್ಲ, ಕಾಯುತ್ತಿದ್ದೇನೆ.

ಉತ್ಸವಗಳಿಗೆ ಹೋಗಲು ದುಡ್ಡು, ರಜೆ ಎರಡೂ ಬೇಕು. ಆದರೆ ಪೋಸ್ಟರ್ ನೋಡಲು ಏನೂ ಬೇಡ. 2016ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ಎಕೋಸ್ ಆಫ್ ಅರ್ತ್, ರಾಜಸ್ಥಾನದ ಅಲ್ಸಿಸರ್‌ನ ಅರಮನೆಯಲ್ಲಿ 2013ರಲ್ಲಿ ಶುರುವಾದ ಮ್ಯಾಗ್ನೆಟಿಕ್ ಫೀಲ್ಡ್ಸ್, ಅರುಣಾಚಲದ ಜಿರೋ ಕಣಿವೆಯಲ್ಲಿ 2012ರಿಂದ ನಡೆಯುವ ಉತ್ಸವ, ಇವುಗಳ ಪೋಸ್ಟರುಗಳನ್ನು ಇಳಿಸಿಕೊಂಡು ಕೆಳಗಿನಿಂದ ಮೇಲಕ್ಕೆ ಓದಿ. ದಪ್ಪ ಅಕ್ಷರದವರು ಹೇಗೂ ನಿಮಗೆ ಒಂದಿನ ಸಿಗುತ್ತಾರೆ. ಕೊನೆಯ ಎರಡು ಸಾಲಿನ ಸಣ್ಣ ಅಕ್ಷರದ ಹೆಸರುಗಳನ್ನು ಒಂದೊಂದಾಗಿ ಹುಡುಕಿ. ಹಳೇ ವರ್ಷದ ಪೋಸ್ಟರ್ ಆದರೂ ಆಗುತ್ತದೆ.

ಬೆಂಗಳೂರಿನ ಗಿಗ್‌ಗೆ ಹೋದರೆ ಮೊದಲು ಆಡುವವರನ್ನು ತಪ್ಪಿಸಿಕೊಳ್ಳಬೇಡಿ. ಟಿಕೆಟಿನ ಮೇಲೆ ದೊಡ್ಡ ಹೆಸರು ಯಾರದ್ದೇ ಇರಲಿ, ಹೊಸಬರು ಆಡುವುದು ಆ ಮೊದಲ ಅರ್ಧ ಗಂಟೆ. ಹೋದ ವರ್ಷ ನಾನು ಒಬ್ಬ ಹುಡುಗಿಯ ಸೆಟ್ ಕೇಳಲೆಂದೇ ಹೊರಟೆ. ಬೇಲೂರು, ಹಾಸನ, ಚನ್ನರಾಯಪಟ್ಟಣ ಎಲ್ಲ ಸರಿಯಾಗಿಯೇ ಬಂತು. ನೆಲಮಂಗಲದಿಂದ ಮುಂದೆ ಬಸ್ಸು ಒಂದೂವರೆ ಗಂಟೆ ತೆವಳಿತು. ಒಳಗೆ ಹೋಗುವಾಗ ಆಕೆ ಕೇಬಲ್ ಸುತ್ತಿ ಚೀಲಕ್ಕೆ ಹಾಕುತ್ತಿದ್ದಳು. ಬಂದಿದ್ದಕ್ಕೆ ಮಾತಾಡಿಸಿದೆ, ಚಿಕ್ಕಮಗಳೂರಿನಿಂದ ಬಂದೆ ಅಂದೆ. "ಇದಕ್ಕೇನಾ?" ಅಂದಳು. ಆವತ್ತು ಆಡಿದ್ದರ ರೆಕಾರ್ಡಿಂಗ್ ಆಮೇಲೆ ಮೇಲ್ ಮಾಡಿದಳು. ಮಧ್ಯಾಹ್ನದ ಊಟ ಬಿಟ್ಟಾದರೂ ಒಂದು ಬಸ್ಸು ಮುಂಚೆ ಹೊರಡಿ.

ಸಿಕ್ಕಿದ್ದನ್ನು ಬರೆದಿಡಿ. ನಾನು ಹಳೇ ತೂಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯುತ್ತೇನೆ: ಹೆಸರು, ಊರು, ಯಾರ ಮೂಲಕ ಸಿಕ್ಕಿತು. ಕೊನೆಯ ಕಲಂ ಮುಖ್ಯ. ಆರು ತಿಂಗಳಾದ ಮೇಲೆ ನೋಡಿದರೆ ಒಳ್ಳೆಯದೆಲ್ಲ ನಾಲ್ಕೈದು ಮೂಲಗಳಿಂದಲೇ ಬಂದಿರುತ್ತದೆ, ಉಳಿದ ಮೂಲಗಳನ್ನು ಕೈಬಿಡಬಹುದು. ಹೊಸದೊಂದನ್ನು ಮೂರು ಸಲ ಕೇಳುತ್ತೇನೆ, ಮೂರು ಬೇರೆ ದಿನ. ಮೂರನೇ ಸಲವೂ ಏನೂ ಅನಿಸದಿದ್ದರೆ ಅಡ್ಡಗೆರೆ. ಯಾರು ಎಷ್ಟೇ ಹೊಗಳಿರಲಿ.

ಕೊನೆಗೆ, ಇಷ್ಟವಾದರೆ ಅವರಿಗೇ ಬರೆಯಿರಿ. ಇನ್ನೂರು ಕೇಳುಗರು ಇರುವವರು ಉತ್ತರ ಕೊಡುತ್ತಾರೆ. ಸುಮ್ನೆ ಸೂಪರ್ ಅಂತ ಬರೆಯಬೇಡಿ, ಯಾವ ಹಾಡಿನ ಯಾವ ಜಾಗ ಅಂತ ಬರೆದು, "ನೀವು ಈಗ ಯಾರನ್ನು ಕೇಳುತ್ತಿದ್ದೀರಿ" ಅಂತ ಒಂದು ಪ್ರಶ್ನೆ ಹಾಕಿ. ಆ ಕೇಬಲ್ ಸುತ್ತುತ್ತಿದ್ದ ಹುಡುಗಿಗೂ ಇದನ್ನೇ ಕೇಳಿದ್ದೆ. ಮೂರು ಹೆಸರು ಕಳಿಸಿದಳು. ಎರಡನ್ನು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಮೂರನೆಯವರದ್ದು ಒಂದೇ ಒಂದು ಹಾಡಿದೆ, ಎರಡು ನಿಮಿಷ ನಲವತ್ತು ಸೆಕೆಂಡು. ಇದುವರೆಗೆ ಹನ್ನೊಂದು ಸಲ ಓಡಿದೆ, ಅದರಲ್ಲಿ ಆರು ಸಲ ಕೇಳಿದ್ದು ನಾನೇ.